ಪಣಂಬೂರಿನಲ್ಲಿ ಪ್ರವಾಸಿ ಹಡಗು ಎಂಟು ತಾಸು ನಿಂತರೆ, ಮೂರು ವರ್ಷದ ಮಗುವಿನೊಂದಿಗೆ ಬೇಕಲ ಕೋಟೆ ನೋಡಿಬರಬಹುದೇ?

ಕಾಸರಗೋಡಿನವಳಾಗಿ ನಿಮ್ಮನ್ನು ಬೇಕಲಕ್ಕೆ ಕರೆಯುವ ಆಸೆ ನನಗಿದ್ದರೂ, ಈ ಸಲ ಬೇಡವೆಂದೇ ಹೇಳುತ್ತೇನೆ. ಹಡಗು ನಿಲ್ಲುವ ಪಣಂಬೂರಿನ ನವಮಂಗಳೂರು ಬಂದರಿನಿಂದ ಕೋಟೆಗೆ ಸುಮಾರು 75 ಕಿ.ಮೀ. ದೂರವಿರುವುದರಿಂದ ಹೋಗಿಬರುವುದರಲ್ಲೇ ನಾಲ್ಕು ತಾಸು ಕಳೆಯಬಹುದು. ಅಲ್ಲದೆ ಸುಮಾರು 40 ಎಕರೆಯಷ್ಟು ಹರಡಿರುವ ಆ ಕೋಟೆಯೊಳಗೆ ನೆರಳು ಕಡಿಮೆಯಾದ ಕಾರಣ ನಡುಹಗಲಿನ ಬಿಸಿಲನ್ನು ಪುಟ್ಟ ಮಗು ತಾಳಲಾರದು. ಪ್ರಯಾಣಿಕರೆಲ್ಲರೂ ಮರಳಿ ಹತ್ತಬೇಕಾದ ಗಡುವು ಸಾಮಾನ್ಯವಾಗಿ ಹಡಗು ಹೊರಡುವುದಕ್ಕಿಂತ ಅರ್ಧ ತಾಸೋ ಒಂದು ತಾಸೋ ಮೊದಲೇ ಇರುತ್ತದೆ, ಮತ್ತು ಸ್ವಂತ ವ್ಯವಸ್ಥೆಯಲ್ಲಿ ಹೋಗಿ ತಡವಾದವರಿಗಾಗಿ ಹಡಗು ಕಾಯುವುದಿಲ್ಲ. ಆದ್ದರಿಂದ ಬೆಳಿಗ್ಗೆಯೇ ಇಳಿದು ಮಂಗಳೂರಿನ ಪಿಲಿಕುಳದಲ್ಲಿ ಮಗುವಿಗೆ ಹುಲಿಯನ್ನು ತೋರಿಸಿ (ಸೋಮವಾರ ಮೃಗಾಲಯಕ್ಕೆ ರಜೆ), ಊಟದ ಹೊತ್ತಿಗೆ ಹಡಗಿಗೆ ಮರಳಿ ಮಲಗಿಸಿರಿ. ನೀರು, ಟೊಪ್ಪಿ, ಒಂದು ಜೊತೆ ಬದಲಿ ಬಟ್ಟೆ, ಎಲ್ಲರ ಗುರುತುಚೀಟಿ ಮತ್ತು ಹಡಗಿನ ಕಾರ್ಡು ಕೈಚೀಲದಲ್ಲಿರಲಿ.