ನಿಂತ ಸ್ಥಾವರದಲ್ಲಿ ಹೈಡ್ರೋಜನ್ ಎಲ್ಲಿಂದ?

ಪ್ರಶ್ನೆ: ಪರಮಾಣು ವಿದ್ಯುತ್ ಸ್ಥಾವರವನ್ನು ನಿಲ್ಲಿಸಿ ದುರಸ್ತಿ ಮಾಡುವಾಗಲೂ ಹೈಡ್ರೋಜನ್ ಸ್ಫೋಟದ ಭಯವಿರುತ್ತದೆ ಎಂದು ಓದಿದ್ದೇನೆ. ರಿಯಾಕ್ಟರೇ ನಿಂತ ಮೇಲೆ ಆ ಅನಿಲ ಬರುವುದಾದರೂ ಎಲ್ಲಿಂದ?

ಉತ್ತರ: ಸ್ಥಾವರ ನಿಂತರೂ ಬಳಸಿದ ಇಂಧನದ ವಿಕಿರಣ ನಿಲ್ಲುವುದಿಲ್ಲ. ಅದು ನೀರಿನ ಅಣುಗಳನ್ನು ಒಡೆದು ಅಲ್ಪಸ್ವಲ್ಪ ಹೈಡ್ರೋಜನನ್ನು ಬಿಡಿಸುತ್ತಲೇ ಇರುತ್ತದೆ. ಚಾರ್ಜ್ ಆಗುತ್ತಿರುವ ಬ್ಯಾಟರಿಗಳಿಂದಲೂ ಅದು ಹೊರಬರುತ್ತದೆ. ಆದರೆ ದೊಡ್ಡ ಸಂಗ್ರಹವಿರುವುದು ರಿಯಾಕ್ಟರಿನಿಂದ ದೂರ, ಟರ್ಬೈನ್ ಕಟ್ಟಡದ ಜನರೇಟರಿನಲ್ಲಿ. ದೊಡ್ಡ ಜನರೇಟರುಗಳನ್ನು ತಂಪಾಗಿಡಲು ಒತ್ತಡದಲ್ಲಿ ಹೈಡ್ರೋಜನ್ ತುಂಬಿಸುವುದು ರೂಢಿ. ಕಲ್ಲಿದ್ದಲು ಸ್ಥಾವರಗಳಲ್ಲೂ ಇದೇ ಏರ್ಪಾಡು.

ವಿಚಿತ್ರವೆಂದರೆ, ತುಂಬಿದ್ದಾಗ ಜನರೇಟರಿನೊಳಗೆ ಬೆಂಕಿಯ ಭಯವಿಲ್ಲ. ಗಾಳಿಯಲ್ಲಿ ಹೈಡ್ರೋಜನ್ ಪ್ರಮಾಣ ಶೇ 4ರಿಂದ 75ರ ನಡುವೆ ಇದ್ದರೆ ಮಾತ್ರ ಅದು ಹೊತ್ತಿಕೊಳ್ಳುತ್ತದೆ, ಜನರೇಟರಿನಲ್ಲಿ ಅದರ ಶುದ್ಧತೆ ಸಾಮಾನ್ಯವಾಗಿ ಶೇ 95ನ್ನೂ ಮೀರಿರುತ್ತದೆ. ದುರಸ್ತಿಗೆಂದು ತೆರೆದು ನೇರವಾಗಿ ಗಾಳಿ ಬಿಟ್ಟರೆ ಮಿಶ್ರಣ ಆ ಇಡೀ ಅಪಾಯದ ವಲಯವನ್ನು ಹಾದೇ ಹೋಗಬೇಕಾಗುತ್ತದೆ. ಆದ್ದರಿಂದ ಮೊದಲು ಭಾರವಾದ ಇಂಗಾಲದ ಡೈಆಕ್ಸೈಡನ್ನು ಕೆಳಗಿನಿಂದ ಬಿಟ್ಟು, ಹೈಡ್ರೋಜನನ್ನು ಮೇಲಿನಿಂದ ಹೊರದೂಡಿ, ಆ ಬಳಿಕವಷ್ಟೇ ಗಾಳಿ ತುಂಬುತ್ತಾರೆ. ಮರಳಿ ಹೈಡ್ರೋಜನ್ ತುಂಬುವಾಗಲೂ ನಡುವೆ ಇಂಗಾಲದ ಡೈಆಕ್ಸೈಡ್ ಇರಲೇಬೇಕು.

ನನ್ನ ದೃಷ್ಟಿಯಲ್ಲಿ ಹೆಚ್ಚು ಮೋಸ ಮಾಡುವುದು ಯಾರೂ ನಿರೀಕ್ಷಿಸದ ಕಡೆ ಹುಟ್ಟುವ ಹೈಡ್ರೋಜನ್. 1996ರ ಮೇ 28ರಂದು ಅಮೆರಿಕದ ಪಾಯಿಂಟ್ ಬೀಚ್ ಸ್ಥಾವರದಲ್ಲಿ ಬಳಸಿದ ಇಂಧನ ತುಂಬಿದ್ದ ಪೆಟ್ಟಿಗೆಯ ಮುಚ್ಚಳಕ್ಕೆ ವೆಲ್ಡಿಂಗ್ ಮಾಡುತ್ತಿದ್ದಾಗ ಒಳಗಿನ ಅನಿಲ ಹೊತ್ತಿಕೊಂಡು, ಸುಮಾರು 3 ಟನ್ ತೂಕದ ಆ ಮುಚ್ಚಳ ಮೇಲೆದ್ದು ಓರೆಯಾಗಿ ಕುಳಿತಿತು. ಪೆಟ್ಟಿಗೆಯ ಒಳಮೈಗೆ ಬಳಿದಿದ್ದ ಸತುವಿನ ಲೇಪನವು ಬೋರಿಕ್ ಆಮ್ಲ ಬೆರೆತ ನೀರಿನೊಡನೆ ವರ್ತಿಸಿ ಹೈಡ್ರೋಜನ್ ಹುಟ್ಟಿಸಿತ್ತು. ತುಕ್ಕಿನಿಂದ ಕಾಪಾಡಲೆಂದು ಹಾಕಿದ ಲೇಪನವೇ ಅದು!

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊತ್ತಿಸಲು ಸುಮಾರು 0.02 ಮಿಲಿಜೂಲ್ ಸಾಕು, ಅಂದರೆ ಬಟ್ಟೆ ಉಜ್ಜಿ ಹುಟ್ಟುವ ಕಿಡಿಯೂ ಸಾಕಾದೀತು. ಎಲ್ಲಕ್ಕಿಂತ ಹಗುರವಾದ್ದರಿಂದ ಪೈಪಿನ ಎತ್ತರದ ಬಾಗುವಿಕೆಯಲ್ಲಿ, ಮುಚ್ಚಳದ ಕೆಳಗೆ ಹೋಗಿ ಅಡಗುತ್ತದೆ. ಅಳತೆಯ ಉಪಕರಣವನ್ನು ಅಲ್ಲಿಗೇ ಒಯ್ದು ಹಿಡಿಯಬೇಕು, ಎದೆಮಟ್ಟದಲ್ಲಿ ಹಿಡಿದರೆ ಪ್ರಯೋಜನವಿಲ್ಲ. ಬೆಳಿಗ್ಗೆ ತೆಗೆದ ಅಳತೆಯನ್ನು ನಂಬಿ ಮಧ್ಯಾಹ್ನ ವೆಲ್ಡಿಂಗ್ ಶುರುಮಾಡುವುದಂತೂ ಸಲ್ಲದು.

ಪ್ರಶ್ನೆ: ಫುಕುಶಿಮಾದಲ್ಲಿ ತಪಾಸಣೆಗೆಂದು ನಿಲ್ಲಿಸಿದ್ದ ಘಟಕವೂ ಸ್ಫೋಟಗೊಂಡದ್ದು ಹೇಗೆ?

ಉತ್ತರ: ಅದು 4ನೇ ಘಟಕ, ಸ್ಫೋಟವಾದದ್ದು 2011ರ ಮಾರ್ಚ್ 15ರಂದು. ಅದರ ರಿಯಾಕ್ಟರಿನಲ್ಲಿ ಇಂಧನವೇ ಇರಲಿಲ್ಲ, ಎಲ್ಲವನ್ನೂ ಬಳಸಿದ ಇಂಧನ ಮುಳುಗಿಸಿಡುವ ನೀರಿನ ಕೊಳಕ್ಕೆ ಸಾಗಿಸಲಾಗಿತ್ತು. ಹೀಗಾಗಿ ಕೊಳದ ಇಂಧನವೇ ಕಾದು ಹೈಡ್ರೋಜನ್ ಬಿಟ್ಟಿರಬೇಕೆಂದು ಮೊದಲು ಶಂಕಿಸಿದರು. ಆಮೇಲೆ ತಿಳಿದದ್ದು, ಪಕ್ಕದ 3ನೇ ಘಟಕದಲ್ಲಿ ಹುಟ್ಟಿದ ಹೈಡ್ರೋಜನ್, ಎರಡೂ ಘಟಕಗಳು ಹಂಚಿಕೊಂಡಿದ್ದ ಚಿಮಣಿಯ ಕೊಳವೆಮಾರ್ಗದಲ್ಲಿ ಹಿಮ್ಮುಖವಾಗಿ ಹರಿದು ಇಲ್ಲಿ ತುಂಬಿಕೊಂಡಿತ್ತೆಂದು.