ಅಜ್ಜಿ ಹಾಡು ರೆಕಾರ್ಡ್ ಮಾಡೋಕೆ ಯಾವ ರೆಕಾರ್ಡರ್ ಒಳ್ಳೇದು?

ಪ್ರಶ್ನೆ: ಸರ್, ನಮ್ಮಜ್ಜಿಗೆ ಬೇಕಾದಷ್ಟು ಹಾಡು ಬರುತ್ತೆ, ವಯಸ್ಸಾಗಿದೆ, ಎಲ್ಲಾ ರೆಕಾರ್ಡ್ ಮಾಡಿಟ್ಕೋಬೇಕು ಅಂತ ಆಸೆ. ಫೋನಲ್ಲಿ ಮಾಡಿದ್ರೆ ದನಿ ಒಂದ್ಸಲ ದೊಡ್ಡದು ಒಂದ್ಸಲ ಸಣ್ಣದು ಬರುತ್ತೆ, ಹಿಂದೆ ಫ್ಯಾನ್ ಸದ್ದು ಬೇರೆ. ಕೈಯಲ್ಲಿ ಹಿಡಿಯೋ ರೆಕಾರ್ಡರ್ ನೋಡ್ತಿದೀನಿ, 96 ಅಂತೆ 192 ಕಿಲೋಹರ್ಟ್ಜ್ ಅಂತೆ, 24 ಬಿಟ್, 32 ಬಿಟ್ ಫ್ಲೋಟ್ ಅಂತೆ, ಯಾವ್ದು ನೋಡ್ಬೇಕೋ ಗೊತ್ತಾಗ್ತಿಲ್ಲ.

ಉತ್ತರ: ರೆಕಾರ್ಡರ್ ಬರ್ಲಿ ಅಂತ ಕಾಯ್ಬೇಡಿ, ಇವತ್ತೇ ಫೋನಲ್ಲಿ ಶುರು ಮಾಡಿ. ಆಮೇಲೆ ಮಿಷನ್ ವಿಷಯ.

ದನಿ ಏರಿಳಿಯೋದು ಆಟೋ ಲೆವೆಲ್‌ನಿಂದ. ಅಜ್ಜಿ ಉಸಿರು ತಗೊಳ್ಳೋಕೆ ನಿಲ್ಲಿಸಿದ್ರೆ ಸಾಕು, ಫೋನು ತಾನೇ ಲೆವೆಲ್ ಏರಿಸುತ್ತೆ, ಆಗ ಫ್ಯಾನ್ ಸದ್ದು ಮುಂದೆ ಬರುತ್ತೆ, ಅಜ್ಜಿ ಮತ್ತೆ ಎತ್ತಿ ಹಾಡಿದ ತಕ್ಷಣ ಇಳಿಸುತ್ತೆ. ರೆಕಾರ್ಡರಲ್ಲಿ ಇದನ್ನ ಆಫ್ ಮಾಡಿ ಲೆವೆಲ್ ನೀವೇ ಇಡ್ಬಹುದು, ನಿಮಗೆ ಅದರಿಂದ ಆಗೋ ದೊಡ್ಡ ಲಾಭ ಅದೇ.

192 ಬಿಟ್ಟಾಕಿ. ಆ ನಂಬರು ಅಂದ್ರೆ ಮಿಷನ್ ಸೆಕೆಂಡಿಗೆ ಎಷ್ಟು ಸಾವಿರ ಸಲ ದನಿ ಅಳೆಯುತ್ತೆ ಅನ್ನೋದು. ಮನುಷ್ಯರ ಕಿವಿಗೆ ಕೇಳೋದು ಹೆಚ್ಚೂಕಮ್ಮಿ 20 ಕಿಲೋಹರ್ಟ್ಜ್ ತನಕ, ಅದರ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿ ಅಳೆದ್ರೆ ಆಯ್ತು, ಹಾಗಾಗಿ 48 ಧಾರಾಳ ಸಾಕು. 48, 24 ಬಿಟ್, ಸ್ಟೀರಿಯೋ ವೇವ್ ಫೈಲ್ (ದನಿ ಕುಗ್ಗಿಸದೆ ಇದ್ದಂಗೇ ಇಡೋದು) ಅಂದ್ರೆ ಗಂಟೆಗೆ ಸುಮಾರು 1 ಜಿಬಿ ಅಷ್ಟೇ, ಹಾಗಾಗಿ ಜಾಗ ಉಳಿಸೋಕೆ ಅಂತ ಎಂಪಿ3ಗೆ ಹೋಗ್ಲೇಬೇಡಿ, ಕಳೆದುಹೋದ ವಿವರ ಆಮೇಲೆ ವಾಪಸ್ ಬರಲ್ಲ.

32 ಬಿಟ್ ಫ್ಲೋಟ್‌ಗೆ, ಅಂದ್ರೆ ಸಣ್ಣ ದನಿ ದೊಡ್ಡ ದನಿ ಎರಡನ್ನೂ ಲೆವೆಲ್ ಇಡದೇ ಹಿಡಿಯೋ ವಿಧಾನಕ್ಕೆ, ಮಾತ್ರ ದುಡ್ಡು ಹಾಕ್ಬಹುದು ಅಂತೀನಿ. ಮೆಲ್ಲಗೆ ಗುನುಗ್ತಿದ್ದವರು ಇದ್ದಕ್ಕಿದ್ದಂಗೆ ಮೇಲಕ್ಕೆ ಎತ್ತಿದ್ರೆ 24 ಬಿಟ್‌ನಲ್ಲಿ ಲೆವೆಲ್ 0 (ಮೀಟರಿನ ಕೊನೇ ಮಿತಿ) ದಾಟಿ ದನಿ ಒಡೆದೋಗುತ್ತೆ, ಅದನ್ನ ರಿಪೇರಿ ಮಾಡೋದು ಕಷ್ಟ, ಫ್ಲೋಟಲ್ಲಿ ಆಮೇಲೆ ಕಂಪ್ಯೂಟರಲ್ಲಿ ಲೆವೆಲ್ ಕಮ್ಮಿ ಮಾಡಿದ್ರೆ ಸರಿಹೋಗುತ್ತೆ. ಝೂಮ್ ಎಚ್1 ಎಸೆನ್ಷಿಯಲ್ ಅನ್ನೋ ರೆಕಾರ್ಡರಲ್ಲಿ ಇದಿದೆ. ಆದ್ರೆ ಹಿಂದಿನ ಸದ್ದನ್ನ ಇದು ಕಮ್ಮಿ ಮಾಡಲ್ಲ, ಮೈಕೇ ತಡ್ಕೊಳ್ಳದಷ್ಟು ಜೋರಾದ್ರೆ ಉಳಿಸೋದೂ ಇಲ್ಲ. 24 ಬಿಟ್ ಮಿಷನ್ ತಗೊಂಡ್ರೆ ಅತಿ ಜೋರಿನ ಸಾಲು ಹಾಡಿಸಿ ನೋಡಿ, ಲೆವೆಲ್ ಮೀಟರ್ ಮೈನಸ್ 12 ಡೆಸಿಬೆಲ್ ಹತ್ರ ನಿಲ್ಲೋ ಹಂಗೆ ಇಡಿ.

ಮೈಕ್ ಯಾವ ಥರದ್ದು ಅಂತಾನೂ ನೋಡಿ. ಟ್ಯಾಸ್ಕ್ಯಾಮ್ ಡಿಆರ್-05ಎಕ್ಸ್ ಅನ್ನೋ ರೆಕಾರ್ಡರಿನ ಮೈಕು ಸುತ್ತಲಿಂದಲೂ ಸದ್ದು ಎಳ್ಕೊಳ್ಳುತ್ತೆ, ನಾಲ್ಕೈದು ಜನ ಕೂತು ಹಾಡಿದ್ರೆ ಚೆನ್ನ, ಒಬ್ಬರೇ ಹಾಡೋವಾಗ ಡಿಆರ್-07ಎಕ್ಸ್ ಥರ ಮುಂದಿನ ದನಿ ಜಾಸ್ತಿ ಹಿಡಿಯೋದು ವಾಸಿ.

ಆದ್ರೆ ಎಷ್ಟು ಖರ್ಚು ಮಾಡಿದ್ರೂ ದೂರ ಇಟ್ರೆ ಕೆಟ್ಟಂಗೇ. ಒಂದು ಮೀಟರಲ್ಲಿದ್ದದ್ದನ್ನ ಅರ್ಧ ಮೀಟರಿಗೆ ತಂದ್ರೆ ಅಜ್ಜಿ ದನಿ ಸುಮಾರು 6 ಡೆಸಿಬೆಲ್ ಏರುತ್ತೆ, ಫ್ಯಾನ್ ಸದ್ದು ಇದ್ದಷ್ಟೇ ಇರುತ್ತೆ. ಫ್ಯಾನ್ ಆಫ್ ಮಾಡಿದ್ರಂತೂ ಇನ್ನೂ ಒಳ್ಳೇದು. ಕೈಯಲ್ಲಿ ಹಿಡೀಬೇಡಿ, ಬೆರಳು ಅಲ್ಲಾಡಿದ್ದೂ ರೆಕಾರ್ಡ್ ಆಗುತ್ತೆ, ಸಣ್ಣ ಟ್ರೈಪಾಡ್ ಇಲ್ಲಾಂದ್ರೆ ಮಡಚಿದ ಟವೆಲ್ ಮೇಲಿಡಿ. ಹೊರಗಡೆ ಆದ್ರೆ ತುಪ್ಪಳದ ಗಾಳಿಕವಚ ಬೇಕೇಬೇಕು.

ಇನ್ನೊಂದು, ಕೆಲವು ಮಿಷನ್‌ಗಳಲ್ಲಿ ಕೆಂಪು ಬಟನ್ ಒಂದ್ಸಲ ಒತ್ತಿದ್ರೆ ಬರೀ ಸ್ಟ್ಯಾಂಡ್‌ಬೈ, ಲೈಟು ಮಿನುಗ್ತಿರುತ್ತೆ ಅಷ್ಟೆ, ಎರಡನೇ ಸಲ ಒತ್ತಿದ್ಮೇಲೇ ರೆಕಾರ್ಡ್ ಆಗೋದು. ನಾನು ಹಿಂಗೇ ಒಂದಿಡೀ ಹಾಡು ಕಳ್ಕೊಂಡಿದೀನಿ, ಈಗಲೂ ಬೇಜಾರಿದೆ. ಸೆಕೆಂಡು ಓಡ್ತಿದ್ಯಾ ನೋಡ್ಕೊಂಡು ಆಮೇಲೆ ಅಜ್ಜಿಗೆ ಹಾಡಿ ಅನ್ನಿ.