ಎಡಿಟರ್ ಎಕ್ಸ್‌ಟೆನ್ಷನ್ ಪದೇ ಪದೇ ಸ್ತಬ್ಧವಾಗುತ್ತಿದೆ: ಥ್ರೆಡ್ ಎಂಜಿನ್‌ಗೆ ತೇಪೆ ಹಾಕಲೇ, ಕಿತ್ತು ಕಟ್ಟಲೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಕಂಪನಿಯ ಒಳಬಳಕೆಯ ಸ್ಕ್ರಿಪ್ಟ್ ಭಾಷೆಗೆ ವಿಎಸ್ ಕೋಡ್ ಎಡಿಟರ್‌ನ ಎಕ್ಸ್‌ಟೆನ್ಷನ್ (ಎಡಿಟರ್‌ಗೆ ಜೋಡಿಸುವ ಹೆಚ್ಚುವರಿ ಪ್ರೋಗ್ರಾಂ) ಬರೆದಿದ್ದೀರಿ, ಅದರ ಹಿಂದೆ ಕೆಲಸ ಮಾಡುವ ಸರ್ವರ್ ಸಿ ಶಾರ್ಪ್‌ನಲ್ಲಿದೆ. ಟರ್ಮಿನಲ್‌ನಲ್ಲಿ ಸ್ಕ್ರಿಪ್ಟ್ ಓಡುವಾಗ ಕಂಪ್ಲೀಷನ್ (ಟೈಪ್ ಮಾಡುವಾಗ ಬರುವ ಪದಸಲಹೆ) ನಿಲ್ಲುತ್ತದೆ, ಬ್ರೇಕ್‌ಪಾಯಿಂಟ್‌ಗೆ (ಪರೀಕ್ಷೆಗಾಗಿ ಸ್ಕ್ರಿಪ್ಟ್ ನಿಲ್ಲಿಸಲು ಗುರುತು ಹಾಕಿದ ಸಾಲಿಗೆ) ಬಂದರೆ ಎಲ್ಲವೂ ಸ್ತಬ್ಧ. ಲಾಕ್ ಮೇಲೆ ಲಾಕ್ ಹಾಕಿ ನೋಡಿದ್ದೀರಿ. ಇನ್ನು ಪೂರ್ತಿ ಕಿತ್ತು ಬರೆಯುವುದೇ ದಾರಿಯೇ ಎಂದು ಕೇಳಿದ್ದೀರಿ.

ಹೌದು, ಕಿತ್ತು ಬರೆಯಿರಿ. ಕೊಡಗಿನ ಸುಂಟಿಕೊಪ್ಪದ ಹತ್ತಿರ ಮನೆಯಿಂದಲೇ ಕೆಲಸ ಮಾಡುವ ನಾನು ಇಂಥದ್ದೇ ಒಂದು ಎಕ್ಸ್‌ಟೆನ್ಷನ್ ನೋಡಿಕೊಳ್ಳುತ್ತೇನೆ. ಒಂದೂವರೆ ವರ್ಷ ತೇಪೆ ಹಾಕಿದೆ. ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಹರಿಯುತ್ತಿತ್ತು.

ಇದನ್ನು ತೋಟದ ಲೆಕ್ಕದಲ್ಲಿ ಹೇಳುತ್ತೇನೆ. ಕಾಫಿ ಕೊಯ್ಲಿನ ದಿನಗಳಲ್ಲಿ ಸಂಜೆ ಎಲ್ಲರೂ ಹಣ್ಣಿನ ಚೀಲ ಹೊತ್ತು ತೂಕಕ್ಕೆ ಬರುತ್ತಾರೆ. ತಕ್ಕಡಿ ಒಂದೇ, ಪುಸ್ತಕ ಒಂದೇ, ಬರೆಯುವವನೂ ಒಬ್ಬನೇ ರೈಟರ್. ಬೇಗ ಮುಗಿಯಲಿ ಎಂದು ಅದೇ ಪುಸ್ತಕಕ್ಕೆ ನಾಲ್ಕು ಜನರನ್ನು ಕೂರಿಸಿ, ‘ಒಬ್ಬರು ಬರೆಯುವಾಗ ಇನ್ನೊಬ್ಬರು ಕಾಯಿರಿ’ ಎಂದು ನಿಯಮ ಮಾಡಿದರೆ ಅದೇ ಲಾಕ್. ಹಾಗೆ ಮಾಡಿದರೂ ತೂಕವೇನೂ ಬೇಗ ಮುಗಿಯುವುದಿಲ್ಲ, ಯಾರು ಯಾರಿಗೆ ಕಾಯುತ್ತಿದ್ದಾರೆ ಎಂಬುದು ಮಾತ್ರ ಗೋಜಲಾಗುತ್ತದೆ. ನಿಮ್ಮ ಇಂಟರ್‌ಪ್ರಿಟರ್, ಅಂದರೆ ಸ್ಕ್ರಿಪ್ಟ್ ಓದಿ ಓಡಿಸುವ ಭಾಗ, ಆ ಪುಸ್ತಕ. ಅದನ್ನು ಒಬ್ಬ ರೈಟರ್‌ಗೆ, ಅಂದರೆ ಒಂದೇ ಒಂದು ಥ್ರೆಡ್‌ಗೆ (ಪ್ರೋಗ್ರಾಂ ಒಳಗೆ ಸ್ವತಂತ್ರವಾಗಿ ಓಡುವ ಒಂದು ಕೆಲಸದ ಎಳೆಗೆ) ಒಪ್ಪಿಸಿ ಉಳಿದವರನ್ನು ಸಾಲಿನಲ್ಲಿ ನಿಲ್ಲಿಸಿ.

ಮೈಕ್ರೋಸಾಫ್ಟ್‌ನ ಸ್ಕ್ರಿಪ್ಟ್ ಭಾಷೆಯಾದ ಪವರ್‌ಶೆಲ್‌ಗೆ ವಿಎಸ್ ಕೋಡ್ ಎಕ್ಸ್‌ಟೆನ್ಷನ್ ಮಾಡುವ ತಂಡ 2022ರಲ್ಲಿ ಮಾಡಿದ್ದು ಇದನ್ನೇ. ಆ ಎಕ್ಸ್‌ಟೆನ್ಷನ್ ಹಿಂದೆ ಪವರ್‌ಶೆಲ್ ಎಡಿಟರ್ ಸರ್ವಿಸಸ್ ಎಂಬ ಸರ್ವರ್ ಇದೆ, ಅದರ ಕೋಡ್ ಯಾರಾದರೂ ತೆರೆದು ಓದಬಹುದು, ನೀವೂ ಓದಲೇಬೇಕು. ಪವರ್‌ಶೆಲ್‌ನಲ್ಲಿ ಸೆಷನ್ನಿನ ವೇರಿಯೇಬಲ್, ಫಂಕ್ಷನ್, ಮಾಡ್ಯೂಲ್ ಎಲ್ಲ ಇರುವುದು ರನ್‌ಸ್ಪೇಸ್ ಒಳಗೆ. ಒಂದು ರನ್‌ಸ್ಪೇಸ್‌ನಲ್ಲಿ ಒಂದು ಹೊತ್ತಿಗೆ ಒಂದೇ ಪೈಪ್‌ಲೈನ್ (ಆದೇಶಗಳ ಸರಣಿ) ಓಡುತ್ತದೆ. ಟರ್ಮಿನಲ್‌ನಲ್ಲಿ ಈಗಷ್ಟೇ ಇಟ್ಟ ವೇರಿಯೇಬಲ್ ಎಡಿಟರ್‌ನ ಕಂಪ್ಲೀಷನ್‌ನಲ್ಲೂ ಕಾಣಬೇಕಾದರೆ ಇಬ್ಬರೂ ಅದೇ ರನ್‌ಸ್ಪೇಸ್ ಕೇಳಬೇಕು. ಜಗಳದ ಮೂಲ ಅಲ್ಲೇ ಇದೆ. ಜೊತೆಗೆ, ಡೀಫಾಲ್ಟ್ ರನ್‌ಸ್ಪೇಸ್ ಯಾವುದು ಎಂಬ ಗುರುತು ಪ್ರತಿ ಥ್ರೆಡ್‌ಗೂ ಬೇರೆ. ಅವೇಟ್ (ಥ್ರೆಡ್ ಬಿಟ್ಟುಕೊಟ್ಟು ಕಾಯುವುದು) ಆದಮೇಲೆ ಕೋಡ್ ಥ್ರೆಡ್‌ಪೂಲ್‌ನ, ಅಂದರೆ ಹಂಚಿಕೊಂಡು ಬಳಸುವ ಥ್ರೆಡ್‌ಗಳ ಗುಂಪಿನ, ಬೇರೆ ಥ್ರೆಡ್‌ನಲ್ಲಿ ಎದ್ದಿತೆಂದರೆ ಅಲ್ಲಿ ರನ್‌ಸ್ಪೇಸೇ ಇರುವುದಿಲ್ಲ. ಹೊಸ ವಿನ್ಯಾಸದಲ್ಲಿ ರನ್‌ಸ್ಪೇಸ್ ಮುಟ್ಟುವ ಹಕ್ಕು ಒಂದು ಪೈಪ್‌ಲೈನ್ ಥ್ರೆಡ್‌ಗೆ ಮಾತ್ರ. ಹೊರಗಿನಿಂದ ಬರುವ ಪ್ರತಿ ಕೋರಿಕೆಯೂ ಒಂದು ಟಾಸ್ಕ್ ಆಗಿ ಕ್ಯೂ ಸೇರುತ್ತದೆ. ಕ್ಯೂ ಹೊರಗೆ ಅಸಿಂಕ್ (ಒಂದಕ್ಕೊಂದು ಕಾಯದೆ ನಡೆಯುವ ಕೆಲಸ) ಎಷ್ಟಾದರೂ ಇರಲಿ, ಒಳಗೆ ಎಲ್ಲವೂ ಒಂದರ ನಂತರ ಒಂದು.

ಇಷ್ಟನ್ನು ಎರಡು ದಿನದಲ್ಲಿ ಬರೆಯಬಹುದು. ಕಷ್ಟವಿರುವುದು ಮುಂದಿನ ಎರಡು ಜಾಗಗಳಲ್ಲಿ.

ಮೊದಲನೆಯದು ಪ್ರಾಂಪ್ಟ್. ಬಳಕೆದಾರ ಕೀ ಒತ್ತಲಿ ಎಂದು ಟರ್ಮಿನಲ್ ಕಾಯುತ್ತಿರುವಾಗ ನಿಮ್ಮ ರೈಟರ್ ಸುಮ್ಮನೆ ಕೂತಿದ್ದಾನೆ, ಆದರೆ ಕರೆದರೆ ಏಳುವುದಿಲ್ಲ. ಸಿ ಶಾರ್ಪ್ ಕೋಡ್ ಓಡುವ ಡಾಟ್‌ನೆಟ್‌ನಲ್ಲಿ, ಕೀ ಓದುವ ಕನ್ಸೋಲ್ ರೀಡ್‌ಕೀ ಕಾನ್ಸೆಲ್ ಮಾಡಲು ಬಾರದ ಕರೆ. ಅದರೊಳಗೆ ಸಿಕ್ಕಿಕೊಂಡ ಥ್ರೆಡ್ ಹೊರಗೆ ಬರಬೇಕಾದರೆ ಯಾರೋ ಕೀ ಒತ್ತಲೇಬೇಕು. ಹಾಗಾಗಿ ಕೀಗಾಗಿ ಕಾಯುವುದೂ ಒಂದು ಟಾಸ್ಕ್, ಬೇರೆ ಕೋರಿಕೆ ಬಂದ ಕೂಡಲೇ ಜಾಗ ಬಿಡಬೇಕಾದ ಟಾಸ್ಕ್ ಎಂದು ಕಟ್ಟಬೇಕು. ನಾನು ಮಾಡಿದ್ದು ಇಷ್ಟು: ಕೀ ಓದುವ ಕೆಲಸ ಮಾತ್ರ ಬೇರೆ ಥ್ರೆಡ್‌ಗೆ, ಮುಖ್ಯ ಥ್ರೆಡ್ ಕೀ ಬರುವುದನ್ನೂ ಕ್ಯೂವನ್ನೂ ಒಟ್ಟಿಗೆ ಕಾಯುತ್ತದೆ. ಕ್ಯೂನಲ್ಲಿ ಏನಾದರೂ ಬಿದ್ದರೆ ಅದನ್ನು ಮುಗಿಸಿ ಮತ್ತೆ ಪ್ರಾಂಪ್ಟ್‌ಗೆ ಮರಳುತ್ತದೆ. ಬಳಕೆದಾರ ಅರ್ಧ ಟೈಪ್ ಮಾಡಿದ ಸಾಲು ಹಾಗೇ ಉಳಿಯಬೇಕು, ಇದನ್ನು ಮರೆಯಬೇಡಿ. ನನ್ನ ಮೊದಲ ಆವೃತ್ತಿ ಆ ಸಾಲನ್ನು ಅಳಿಸಿಹಾಕುತ್ತಿತ್ತು. ಬಳಸುವವರು ಕೋಪಗೊಂಡದ್ದು ನ್ಯಾಯವೇ.

ಎರಡನೆಯದು ಡಿಬಗ್ಗರ್ (ಸ್ಕ್ರಿಪ್ಟ್ ನಿಲ್ಲಿಸಿ ತಪ್ಪು ಹುಡುಕುವ ಸಾಧನ), ಮತ್ತು ನಿಮ್ಮ ಡೆಡ್‌ಲಾಕ್, ಅಂದರೆ ಎಂದೂ ಮುಗಿಯದ ಕಾಯುವಿಕೆ, ಇಲ್ಲೇ ಇದೆ ಎಂದು ನನ್ನ ಬಲವಾದ ಅಂದಾಜು. ಬ್ರೇಕ್‌ಪಾಯಿಂಟ್‌ನಲ್ಲಿ ಸ್ಕ್ರಿಪ್ಟ್ ನಿಂತಾಗ ಅದು ಮುಗಿದಿಲ್ಲ. ಅದೇ ಥ್ರೆಡ್, ಅದೇ ಸ್ಟಾಕ್ (ಇನ್ನೂ ಮುಗಿಯದ ಕರೆಗಳ ಪಟ್ಟಿ), ಸ್ಕ್ರಿಪ್ಟ್‌ನ ನಡುವೆ ನಿಂತಿದೆ. ಆಗ ಎಡಿಟರ್ ‘ಈ ವೇರಿಯೇಬಲ್‌ನ ಬೆಲೆ ಏನು’ ಎಂದು ಕೇಳುತ್ತದೆ. ಉತ್ತರ ಕೊಡಬೇಕಾದವನೂ ಅದೇ ಥ್ರೆಡ್. ನನ್ನ ಹಳೆಯ ಕೋಡ್‌ನಲ್ಲಿ ಸ್ಕ್ರಿಪ್ಟ್ ಶುರುವಾಗುವಾಗ ಸೆಮಫೋರ್‌ಸ್ಲಿಮ್ ಎಂಬ ಡಾಟ್‌ನೆಟ್ ಲಾಕ್ ಹಿಡಿಯುತ್ತಿದ್ದೆ. ಬೆಲೆ ಕೇಳುವ ಕೋಡ್ ಅದನ್ನೇ ಮತ್ತೆ ಹಿಡಿಯಲು ಹೋಗುತ್ತಿತ್ತು. ಸೆಮಫೋರ್‌ಸ್ಲಿಮ್‌ಗೆ ‘ಈಗಾಗಲೇ ಹಿಡಿದವನು ನಾನೇ’ ಎಂಬ ಅರಿವು ಇರುವುದಿಲ್ಲ. ತಾನು ಹಿಡಿದದ್ದಕ್ಕೆ ತಾನೇ ಕಾಯುತ್ತಾ ನಿಂತುಬಿಡುತ್ತಿತ್ತು. ಜೂನ್ ಮಳೆಯಲ್ಲಿ ಮರ ಬಿದ್ದು ಕರೆಂಟ್ ಹೋದ ಒಂದು ರಾತ್ರಿ, ಲ್ಯಾಪ್‌ಟಾಪ್‌ನಲ್ಲಿ ಉಳಿದಿದ್ದ ಬ್ಯಾಟರಿಯಲ್ಲೇ ಡಾಟ್‌ನೆಟ್ ಡಂಪ್ (ಓಡುತ್ತಿರುವ ಪ್ರೋಗ್ರಾಂನ ಆ ಕ್ಷಣದ ಮೆಮೊರಿ ನಕಲು) ತೆಗೆದು ಪ್ರತಿ ಥ್ರೆಡ್‌ನ ಸ್ಟಾಕ್ ಓದಿದಾಗ ಈ ಸುತ್ತು ಕಣ್ಣಿಗೆ ಬಿತ್ತು. ಒಂದೂವರೆ ವರ್ಷ ಲಾಗ್ ಓದಿ ಸಿಗದಿದ್ದದ್ದು ಇಪ್ಪತ್ತು ನಿಮಿಷದಲ್ಲಿ ಸಿಕ್ಕಿತು. ನೀವೂ ಊಹೆ ಮಾಡುತ್ತಾ ಕೂರಬೇಡಿ, ಮೊದಲು ಡಂಪ್ ತೆಗೆಯಿರಿ.

ಪರಿಹಾರ ಹೀಗೆ: ಬ್ರೇಕ್‌ಪಾಯಿಂಟ್‌ಗೆ ಬಂದಾಗ ಅದರ ಹ್ಯಾಂಡ್ಲರ್ ಒಳಗೇ ಕ್ಯೂ ನಡೆಸುವ ಲೂಪ್ ಮತ್ತೊಮ್ಮೆ ಶುರುವಾಗಬೇಕು. ಹೊರಗಿನ ಲೂಪ್ ಮೇಲೆ ಒಳಗಿನ ಲೂಪ್, ಅದರ ಮೇಲೆ ಬೇಕಾದರೆ ಇನ್ನೊಂದು. ಪವರ್‌ಶೆಲ್ ತಂಡ ಇವುಗಳನ್ನು ಫ್ರೇಮ್‌ಗಳ ಸ್ಟಾಕ್ ಆಗಿ ಇಟ್ಟಿದೆ: ಮೇಲಿನ ಫ್ರೇಮ್ ಮುಗಿಯುವವರೆಗೆ ಕೆಳಗಿನದು ಕದಲುವುದಿಲ್ಲ. ‘ಮುಂದುವರಿಸು’ ಎಂದಾಗ ಮೇಲಿನ ಫ್ರೇಮ್ ಮಾತ್ರ ಕಳಚುತ್ತದೆ. ಕಾನ್ಸೆಲ್ ಕೂಡ ಫ್ರೇಮ್ ನೋಡಿಯೇ ಆಗಬೇಕು. ಕಂಟ್ರೋಲ್-ಸಿ ಒತ್ತಿದರೆ ಈಗ ಓಡುತ್ತಿರುವ ಟಾಸ್ಕ್ ಸಾಯಬೇಕು, ಅದರ ಕೆಳಗೆ ನಿಂತಿರುವ ಸ್ಕ್ರಿಪ್ಟ್ ಅಲ್ಲ. ಈ ಭಾಗಕ್ಕೆ ನನಗೆ ಹಿಡಿದದ್ದು ಮೂರು ವಾರ, ಉಳಿದದ್ದೆಲ್ಲ ಸೇರಿ ಎರಡು ವಾರ.

ಇಂಟರ್‌ಪ್ರಿಟರ್ ಬೇಡದ ಕೆಲಸವನ್ನು ಈ ಕ್ಯೂಗೆ ತರಲೇಬೇಡಿ. ಪಾರ್ಸಿಂಗ್, ಫೋಲ್ಡಿಂಗ್, ಸಿಂಬಲ್ ಪಟ್ಟಿ ಇವಕ್ಕೆ ಫೈಲ್‌ನ ಪಠ್ಯ ಸಾಕು, ಬೇರೆ ಥ್ರೆಡ್‌ಗಳಲ್ಲಿ ಆಗಲಿ. ಹಳತಾದ ಕಂಪ್ಲೀಷನ್ ಕೋರಿಕೆಗಳನ್ನು ಓಡಿಸುವ ಮೊದಲೇ ಕೈಬಿಡಿ. ಬಳಕೆದಾರ ಮುಂದಕ್ಕೆ ಟೈಪ್ ಮಾಡಿದಾಗ ಎಡಿಟರ್ ಮತ್ತು ಸರ್ವರ್ ಮಾತಾಡುವ ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್‌ನಲ್ಲಿ ರದ್ದು ಸಂದೇಶ ಬರುತ್ತದೆ, ಅದನ್ನು ಕೇಳಿಸಿಕೊಳ್ಳಿ.

ಬಿಡುಗಡೆ ಬಗ್ಗೆ ಒಂದು ಮಾತು. ಪವರ್‌ಶೆಲ್ ತಂಡ ಇದನ್ನು ಮೊದಲು ಪ್ರಿವ್ಯೂ ಎಕ್ಸ್‌ಟೆನ್ಷನ್‌ನಲ್ಲಿ ಬಿಟ್ಟು, ಬಳಸುವವರ ದೂರು ಕೇಳಿ ಸರಿಮಾಡಿ, ಆಮೇಲೆ ಸ್ಥಿರ ಆವೃತ್ತಿಗೆ ತಂದಿತು. ನಿಮ್ಮ ಬಳಕೆದಾರರು ಹತ್ತೇ ಜನ ಇದ್ದರೂ ಹಾಗೇ ಮಾಡಿ. ಹಳೆಯದನ್ನು ಅದೇ ಕೋಡ್‌ನಲ್ಲಿ ಸೆಟ್ಟಿಂಗ್ ಹಿಂದೆ ಉಳಿಸಿಕೊಳ್ಳುವುದು ಬೇಡ. ಎರಡು ಥ್ರೆಡ್ ಪದ್ಧತಿ ಒಟ್ಟಿಗೆ ಬದುಕಿದರೆ ಪ್ರತಿ ಬಗ್‌ಗೂ ಎರಡು ಕಾರಣ ಹುಡುಕಬೇಕಾಗುತ್ತದೆ.

ಡಂಪ್ ತೆಗೆದ ಮೇಲೆ, ಬ್ರೇಕ್‌ಪಾಯಿಂಟ್‌ನಲ್ಲಿ ನಿಂತ ಥ್ರೆಡ್‌ನ ಸ್ಟಾಕ್ ಮಾತ್ರ ಕೆಳಗೆ ಹಾಕಿ, ಕಂಪನಿಯ ಹೆಸರುಗಳನ್ನು ಅಳಿಸಿ. ಅದರಲ್ಲಿ ಸ್ಕ್ರಿಪ್ಟ್ ಓಡಿಸುವ ಕರೆಯ ಮೇಲೆ, ಅದೇ ಲಾಕ್‌ಗೆ ಕಾಯುವ ವೇಟ್ ಎಂಬ ಸಾಲು ಕಂಡರೆ ನಿಮ್ಮದೂ ನನ್ನದೇ ಕಥೆ.